ಮೆಂಟರ್ ಪಟ್ಟಿ ಕೈಗೆ ಬಂದಾಗ: ಡಿಗ್ರಿ ಕಾಲೇಜಿನ ಹೊಸ ಮೇಷ್ಟ್ರುಗಳಿಗೆ

ಸೆಮಿಸ್ಟರ್ ಶುರುವಾಗಿ ಎರಡು ಮೂರು ವಾರಕ್ಕೆ ಒಂದು ಸುತ್ತೋಲೆ ಬರುತ್ತದೆ. ಅದರ ಜೊತೆ ಒಂದು ಪಟ್ಟಿ. ಇಪ್ಪತ್ತೈದೋ ಮೂವತ್ತೋ ಹೆಸರು, ರಿಜಿಸ್ಟರ್ ನಂಬರು, ಫೋನ್ ನಂಬರು. ಇವರಿಗೆಲ್ಲ ಈ ವರ್ಷ ನೀವೇ ಮೆಂಟರ್, ಫೈಲ್ ಸರಿಯಾಗಿ ಇಟ್ಟುಕೊಳ್ಳಿ ಅನ್ನುತ್ತಾರೆ. ಆ ಹುಡುಗರ ಜೊತೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಅಂತ ಲೆಕ್ಕ ಕೊಡಬೇಕು, ಅದೊಂದು ಎಲ್ಲರಿಗೂ ಗೊತ್ತು.

ಈ ಬರಹ ಆ ಪಟ್ಟಿ ಹಿಡಿದು ಸ್ಟಾಫ್ ರೂಮಿನಲ್ಲಿ ಕೂತ ಹೊಸಬರಿಗೆ. ಕಾಯಂ ಆದವರಿರಲಿ, ಅತಿಥಿ ಉಪನ್ಯಾಸಕರಿರಲಿ, ಕೆಲಸ ಒಂದೇ. ಓದಿಗೆ ಹೆಗಲು ಕೊಡುವುದು, ಕಷ್ಟಸುಖ ವಿಚಾರಿಸುವುದು.

ಕೇಂಬ್ರಿಜ್‌ನ ಕಾಲೇಜುಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಜನ ಇರುತ್ತಾರೆ. ವಿಷಯ ಕಲಿಸಿ ಬರವಣಿಗೆ ತಿದ್ದುವ ಸೂಪರ್‌ವೈಸರ್ ಒಬ್ಬರು, ಕಷ್ಟ ಕೇಳುವ ಟ್ಯೂಟರ್ ಇನ್ನೊಬ್ಬರು. ನಮ್ಮಲ್ಲಿ ಎರಡೂ ನಿಮ್ಮ ತಲೆ ಮೇಲೆ. ಸಾಲದ್ದಕ್ಕೆ ಇಂಟರ್ನಲ್ ಮಾರ್ಕ್ಸ್ ಹಾಕುವವರೂ ನೀವೇ. ಮಾರ್ಕ್ಸ್ ಯಾರ ಕೈಯಲ್ಲಿದೆಯೋ ಅವರ ಮುಂದೆ ಮನಸ್ಸು ಬಿಚ್ಚಿ ಮಾತಾಡುವುದು ಯಾವ ಹುಡುಗನಿಗೂ ಸುಲಭ ಅಲ್ಲ. ಹಾಗಾಗಿ ಅವರು ಬಾಯಿಬಿಟ್ಟು ಹೇಳುವುದು ಕಮ್ಮಿ, ನೀವು ಗಮನಿಸಿ ತಿಳಿಯಬೇಕಾದ್ದೇ ಜಾಸ್ತಿ.

1. ಪಟ್ಟಿ ಸಿಕ್ಕ ವಾರ

ಹುಡುಗರನ್ನು ಕರೆಯುವ ಮುಂಚೆ ಆಫೀಸಿಗೆ ಹೋಗಿ ಪ್ರವೇಶದ ಅರ್ಜಿಗಳನ್ನು ನೋಡಿ. ಪಿಯುಸಿ ಯಾವ ಮಾಧ್ಯಮ, ಯಾವ ವಿಭಾಗ, ಊರು ಎಷ್ಟು ದೂರ, ಹಾಸ್ಟೆಲ್ಲಾ ಬಸ್ಸಾ, ಇಷ್ಟು ಬರೆದುಕೊಳ್ಳಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಒಬ್ಬೊಬ್ಬರಿಗೆ ಎರಡು ಪುಟ ಬಿಡಿ. ಕಾಲೇಜು ಕೊಡುವ ಮೆಂಟರ್ ಫಾರ್ಮ್ ಬೇರೆ, ಇದು ನಿಮ್ಮ ಸ್ವಂತದ್ದು.

ಅದೇ ವಾರ ಇನ್ನೊಂದು ಪಟ್ಟಿ ಮಾಡಿ. ನಿಮ್ಮ ಕೈಲಾಗದ್ದನ್ನು ಯಾರ ಹತ್ತಿರ ಕಳಿಸಬೇಕು ಅನ್ನುವ ಪಟ್ಟಿ. ಸ್ಕಾಲರ್‌ಶಿಪ್ ನೋಡಿಕೊಳ್ಳುವ ಗುಮಾಸ್ತರು ಯಾರು? ರ‍್ಯಾಗಿಂಗ್ ವಿರೋಧಿ ಸಮಿತಿಯಲ್ಲಿ ಯಾರಿದ್ದಾರೆ? ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಅಧ್ಯಕ್ಷೆ ಯಾರು? ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ? ಈ ಉತ್ತರಗಳು ಬೇಕಾಗುವ ದಿನ ಹುಡುಕಾಡುವಷ್ಟು ಸಮಯ ಇರುವುದಿಲ್ಲ.

ನಿಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಾ ಅಂತಲೂ ಪ್ರಿನ್ಸಿಪಾಲರನ್ನು ಕೇಳಿ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಅನ್ನುತ್ತದೆ ಅದು. ಸಣ್ಣ ಸಣ್ಣ ಗುಂಪಿಗೆ ಮೆಂಟರ್ ಇರಬೇಕು, ಅದರಲ್ಲೂ ಪರೀಕ್ಷೆ ಹೊತ್ತಿನಲ್ಲಿ, ಅಂತಲೂ ಇದೆ. ನಿಮ್ಮ ಕಾಲೇಜಿನಲ್ಲಿ ಇನ್ನೂ ಯಾರೂ ಇಲ್ಲದಿದ್ದರೆ ಸ್ಟಾಫ್ ಮೀಟಿಂಗ್‌ನಲ್ಲಿ ಎತ್ತಬಹುದಾದ ಮಾತು ಇದು. ಹೊಸಬರು ಎತ್ತಿದರೆ ಹಿರಿಯರು ಮುಖ ಮುಖ ನೋಡಬಹುದು, ಪರವಾಗಿಲ್ಲ.

2. ಮೊದಲ ಭೇಟಿ: ಒಬ್ಬೊಬ್ಬರಿಗೆ ಹತ್ತು ನಿಮಿಷ

ಮೂವತ್ತು ಜನರನ್ನೂ ಒಂದು ರೂಮಿನಲ್ಲಿ ಕೂರಿಸಿ, 'ಏನಾದ್ರೂ ಪ್ರಾಬ್ಲಮ್ ಇದ್ರೆ ಹೇಳಿ' ಅಂದರೆ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಒಟ್ಟಿಗೆ ಹೇಳಬೇಕಾದ್ದು ಎರಡೇ. ನೀವು ಯಾವ ದಿನ, ಯಾವ ಹೊತ್ತು, ಎಲ್ಲಿ ಸಿಗುತ್ತೀರಿ ಅನ್ನುವುದು ಒಂದು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕರೆಯುತ್ತೀರಿ ಅನ್ನುವುದು ಇನ್ನೊಂದು. ಎಲ್ಲರನ್ನೂ ಕರೆಯಬೇಕು. ತೊಂದರೆ ಇರುವವರನ್ನು ಮಾತ್ರ ಕರೆದರೆ, ಕರೆದವರಿಗೆಲ್ಲ ಏನೋ ಆಗಿದೆ ಅಂತ ಕ್ಲಾಸಿಗೇ ಸುದ್ದಿಯಾಗುತ್ತದೆ.

ಜಾಗ ಮುಖ್ಯ. ಸ್ಟಾಫ್ ರೂಮ್ ಬೇಡ. ಆರು ಜನ ಮೇಷ್ಟ್ರುಗಳು ಉತ್ತರ ಪತ್ರಿಕೆ ತಿದ್ದುತ್ತಾ ಕಿವಿ ಇತ್ತ ಕೊಟ್ಟಿರುವಾಗ ಯಾವ ಹುಡುಗಿ ಮನೆ ವಿಷಯ ಮಾತಾಡುತ್ತಾಳೆ? ಲೈಬ್ರರಿಯ ಮೂಲೆ, ವರಾಂಡದ ಬೆಂಚು, ಬಾಗಿಲು ತೆಗೆದಿಟ್ಟ ಖಾಲಿ ಕ್ಲಾಸ್ ರೂಮ್, ಇಂಥ ಜಾಗ ಒಳ್ಳೆಯದು. ನಾಲ್ಕು ಜನಕ್ಕೆ ಕಾಣಬೇಕು, ಆದರೆ ಮಾತು ಕೇಳಿಸಬಾರದು.

'ಪ್ರಾಬ್ಲಮ್' ಅನ್ನುವ ಪದವನ್ನೇ ಬಿಡಿ. ದಿನ ಹೇಗೆ ಕಳೆಯುತ್ತದೆ ಅಂತ ಕೇಳಿ.

'ಬೆಳಿಗ್ಗೆ ಎಷ್ಟೊತ್ತಿಗೆ ಮನೆ ಬಿಡ್ತೀಯಮ್ಮಾ?'
'ಆರೂವರೆಗೆ ಮೇಡಂ. ಆ ಬಸ್ ಬಿಟ್ರೆ ಆಮೇಲೆ ಒಂಬತ್ತಕ್ಕೇ.'
'ತಿಂಡಿ?'
'ಮಧ್ಯಾಹ್ನ ಒಟ್ಟಿಗೇ ತಿಂತೀನಿ.'

ಈ ನಾಲ್ಕು ಸಾಲಿನಲ್ಲಿ ಮೊದಲ ಪೀರಿಯಡ್‌ನಲ್ಲಿ ಅವಳು ಯಾಕೆ ತೂಕಡಿಸುತ್ತಾಳೆ ಅನ್ನುವುದು ಗೊತ್ತಾಯಿತು. ಹೀಗೇ ಮುಂದುವರಿಸಿ. ಈ ಕೋರ್ಸ್ ನೀನೇ ಆರಿಸಿಕೊಂಡಿದ್ದಾ, ಮನೆಯವರು ಹೇಳಿದ್ದಾ? ಮನೇಲಿ ಕೂತು ಓದೋಕೆ ಜಾಗ ಇದೆಯಾ? ಕಾಲೇಜು ಬಿಟ್ಟ ಮೇಲೆ ಕೆಲಸಕ್ಕೆ ಹೋಗ್ತೀಯಾ? ಕೇಟರಿಂಗ್, ಪೆಟ್ರೋಲ್ ಬಂಕ್, ಮೊಬೈಲ್ ಅಂಗಡಿ, ಮನೆ ಬಾಗಿಲಿಗೆ ಊಟ ತಲುಪಿಸುವ ಕೆಲಸ, ಹೀಗೆ ದುಡಿಯುತ್ತಾ ಓದುವ ಹುಡುಗರು ಬಹಳ. ಕೇಳಿದರೆ ಮೊದಲು 'ಇಲ್ಲ ಸಾರ್' ಅನ್ನುತ್ತಾರೆ, ಬೈತೀರೇನೋ ಅನ್ನುವ ಭಯ. ಬೈಯುವುದಿಲ್ಲ ಅಂತ ಗೊತ್ತಾದ ಮೇಲೆ ರಾತ್ರಿ ಪಾಳಿಯ ವಿಷಯ ಹೊರಗೆ ಬರುತ್ತದೆ.

ಕೊನೆಯದಾಗಿ, ತುರ್ತು ಬಂದರೆ ಮನೆಯಲ್ಲಿ ಯಾರಿಗೆ ಫೋನ್ ಮಾಡಲಿ ಅಂತ ಕೇಳಿ. ಅರ್ಜಿಯಲ್ಲಿ ಅಪ್ಪನ ನಂಬರು ಇರುತ್ತದೆ. ಹುಡುಗಿ 'ಅಪ್ಪಂಗೆ ಬೇಡ ಮೇಡಂ, ಚಿಕ್ಕಮ್ಮಂಗೆ ಮಾಡಿ' ಅಂದರೆ ಕಾರಣ ಕೆದಕಬೇಡಿ. ಚಿಕ್ಕಮ್ಮನ ನಂಬರು ಬರೆದುಕೊಳ್ಳಿ. ಆ ಮಾತು ಮಾತ್ರ ನೆನಪಿರಲಿ.

3. ವಾರಕ್ಕೊಮ್ಮೆ ಹಾಜರಿ ನೋಡಿ

ಮೆಂಟರ್ ಕೆಲಸದಲ್ಲಿ ಒಂದೇ ಒಂದು ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಿ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬರುವುದು ಸೆಮಿಸ್ಟರ್ ಮುಗಿಯುವಾಗ. ಅಷ್ಟೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಅಪ್ಪ ಅಮ್ಮ ಹೊಲದ ಕೆಲಸ ಬಿಟ್ಟು ಬಂದು ಪ್ರಿನ್ಸಿಪಾಲರ ರೂಮಿನ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ಅಷ್ಟೇ.

ಶನಿವಾರ ಅರ್ಧ ಗಂಟೆ ಇಟ್ಟುಕೊಳ್ಳಿ. ನಿಮ್ಮ ಪಟ್ಟಿಯ ಹುಡುಗರ ಎಲ್ಲ ವಿಷಯದ ಹಾಜರಿ ನೋಡಿ. ಒಟ್ಟು ಎಷ್ಟು ಅನ್ನುವುದಕ್ಕಿಂತ ಯಾವ ಥರ ತಪ್ಪುತ್ತಿದೆ ಅನ್ನುವುದು ಮುಖ್ಯ. ಬರೀ ಮೊದಲ ಪೀರಿಯಡ್ ತಪ್ಪುತ್ತಿದ್ದರೆ ಬಸ್ಸು ಅಥವಾ ರಾತ್ರಿ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಹೋಗಿದೆ, ಆದರೆ ತುಂಬಿದ ಬಸ್ಸು ಸ್ಟಾಪಿನಲ್ಲಿ ನಿಲ್ಲಿಸದೆ ಹೋದರೆ ಉಚಿತ ಟಿಕೆಟ್ ತಗೊಂಡು ಏನು ಮಾಡುವುದು? ಒಂದೇ ವಿಷಯದ ಕ್ಲಾಸ್ ತಪ್ಪುತ್ತಿದ್ದರೆ ಆ ವಿಷಯ ತಲೆಗೆ ಹತ್ತುತ್ತಿಲ್ಲ, ಇಲ್ಲವೇ ಆ ಮೇಷ್ಟ್ರ ಮುಂದೆ ಏನೋ ಅವಮಾನ ಆಗಿದೆ. ಸೋಮವಾರ ತಪ್ಪುತ್ತಿದ್ದರೆ ಊರಿಗೆ ಹೋದವನು ಕೆಲಸಕ್ಕೆ ಸಿಕ್ಕಿಹಾಕಿಕೊಂಡಿದ್ದಾನೆ. ಅಡಿಕೆ ಕೊಯ್ಲಿನ ಹೊತ್ತಿಗೆ, ಕಾಫಿ ಹಣ್ಣು ಕೀಳುವ ಹೊತ್ತಿಗೆ ಮಲೆನಾಡಿನ ಕಾಲೇಜುಗಳಲ್ಲಿ ಅರ್ಧ ಬೆಂಚು ಖಾಲಿ, ಅಲ್ವಾ?

ದಿನಾ ಬರುತ್ತಿದ್ದವರು ಇದ್ದಕ್ಕಿದ್ದಂತೆ ಮೂರು ನಾಲ್ಕು ದಿನ ಕಾಣದಿದ್ದರೆ ಅವತ್ತೇ ಫೋನ್ ಮಾಡಿ. 'ಯಾಕೆ ಬಂದಿಲ್ಲ' ಅಂತ ಶುರು ಮಾಡಬೇಡಿ. 'ನಾಲ್ಕು ದಿನ ಆಯ್ತು ನೋಡಿ, ಹುಷಾರಾಗಿದ್ದೀಯಾ' ಅಂತ ಕೇಳಿದರೆ ಸಾಕು. ಹುಡುಗಿಯರ ವಿಷಯದಲ್ಲಿ ಒಮ್ಮೊಮ್ಮೆ ಗೆಳತಿಯರಿಂದ ಉತ್ತರ ಬರುತ್ತದೆ: 'ಅವಳನ್ನ ನೋಡೋಕೆ ಬಂದಿದ್ರಂತೆ ಮೇಡಂ.' ಮದುವೆ ಮಾತು ಬಂದಿದೆ ಅಂತ ಅರ್ಥ. ಮನೆಯವರ ಜೊತೆ ಜಗಳಕ್ಕೆ ನಿಂತರೆ ಬಾಗಿಲು ಮುಚ್ಚಿಹೋಗುತ್ತದೆ. ಡಿಗ್ರಿ ಮುಗಿಸಿಕೊಳ್ಳಲಿ, ಮದುವೆಯಾದರೂ ಪರೀಕ್ಷೆ ಬರೆಯಬಹುದು, ಟಿಸಿ ಮಾತ್ರ ತೆಗೆಸಬೇಡಿ ಅಂತ ಹೇಳಿ ನೋಡಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಾತೇ ಬೇರೆ. ಅದು ಬಾಲ್ಯವಿವಾಹ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲೇಬೇಕು.

4. ಓದಿನ ನೆರವು: ಉತ್ತರ ಪತ್ರಿಕೆ ಮುಂದಿಟ್ಟುಕೊಂಡು

'ಚೆನ್ನಾಗಿ ಓದ್ಬೇಕಪ್ಪಾ' ಅನ್ನುವ ಮಾತಿನಿಂದ ಯಾರ ಮಾರ್ಕ್ಸೂ ಜಾಸ್ತಿಯಾಗಿಲ್ಲ. ಮೊದಲ ಇಂಟರ್ನಲ್ ಟೆಸ್ಟ್ ಮುಗಿದ ಕೂಡಲೇ ಕಮ್ಮಿ ಬಂದವರನ್ನು ಉತ್ತರ ಪತ್ರಿಕೆ ಸಮೇತ ಕರೆಯಿರಿ. ಬೇರೆ ವಿಷಯದ್ದಾದರೂ ಸರಿ, ಆ ಮೇಷ್ಟ್ರಿಂದ ಇಸಿದುಕೊಳ್ಳಿ. ಪತ್ರಿಕೆ ಖಾಲಿ ಇದ್ದರೆ ಓದಿಲ್ಲ ಅಥವಾ ಓದಲು ಹೊತ್ತಿಲ್ಲ. ಪುಟ ತುಂಬ ಬರೆದೂ ಮಾರ್ಕ್ಸ್ ಇಲ್ಲದಿದ್ದರೆ ಬಾಯಿಪಾಠ ಮಾಡಿದ್ದಾನೆ, ಅರ್ಥವಾಗಿಲ್ಲ. ಈ ಎರಡನೆಯವರಿಗೇ ನಿಮ್ಮ ಸಮಯ ಹೆಚ್ಚು ಕೊಡಿ.

ಕನ್ನಡ ಮಾಧ್ಯಮದಿಂದ ಬಿಕಾಂಗೆ ಬಂದ ಒಬ್ಬ ಹುಡುಗನ ಪತ್ರಿಕೆ ಅಂದುಕೊಳ್ಳಿ. 'ಡೆಬಿಟ್ ದಿ ರಿಸೀವರ್, ಕ್ರೆಡಿಟ್ ದಿ ಗಿವರ್' ಅಂತ ನಿಯಮ ಚಂದಕ್ಕೆ ಬರೆದಿದ್ದಾನೆ. ಕೆಳಗಿನ ಲೆಕ್ಕದಲ್ಲಿ ರಮೇಶನಿಂದ 5,000 ರೂಪಾಯಿಯ ಸರಕು ಸಾಲಕ್ಕೆ ತಂದದ್ದಕ್ಕೆ ರಮೇಶನನ್ನೇ ಡೆಬಿಟ್ ಮಾಡಿದ್ದಾನೆ. ನಿಯಮ ಇನ್ನೊಮ್ಮೆ ಹೇಳಿ ಪ್ರಯೋಜನವಿಲ್ಲ, ಅದು ಅವನಿಗೆ ಬರುತ್ತದೆ. ಇಂಗ್ಲಿಷ್ ಪಕ್ಕಕ್ಕಿಡಿ.

'ಅಂಗಡಿ ನಿಂದು ಅಂತಿಟ್ಕೋ. ಸರಕು ಒಳಗೆ ಬಂತು. ಕೊಟ್ಟೋನು ಯಾರು?'
'ರಮೇಶ.'
'ದುಡ್ಡು ಕೊಟ್ಯಾ?'
'ಇಲ್ಲ, ಸಾಲ.'
'ಹಾಗಾದ್ರೆ ರಮೇಶ ರಿಸೀವರ್ರಾ, ಗಿವರ್ರಾ?'
'ಗಿವರ್... ಓ, ಕ್ರೆಡಿಟ್ ಬರ್ಬೇಕಿತ್ತು ಸಾರ್.'

ಖರೀದಿ ಖಾತೆ ಡೆಬಿಟ್, ರಮೇಶನ ಖಾತೆ ಕ್ರೆಡಿಟ್ ಅಂತ ಅವನ ಕೈಯಲ್ಲೇ ಬರೆಸಿ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಸಿ. ಕ್ರಮ ಇದೇ ಇರಲಿ: ಮೊದಲು ಕನ್ನಡದಲ್ಲಿ ತಿಳಿಯಬೇಕು, ಆಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕು. ಹಿಂದುಮುಂದಾದರೆ ಮತ್ತೆ ಬಾಯಿಪಾಠಕ್ಕೇ ಹೋಗುತ್ತಾನೆ. ಕೆಲವು ಕೋರ್ಸ್‌ಗಳಲ್ಲಿ ಉತ್ತರವನ್ನು ಕನ್ನಡದಲ್ಲೇ ಬರೆಯಲು ವಿಶ್ವವಿದ್ಯಾಲಯ ಬಿಡುತ್ತದೆ. ನಿಮ್ಮಲ್ಲಿ ಹೇಗೆ ಅಂತ ಪರೀಕ್ಷಾ ವಿಭಾಗದಲ್ಲಿ ಕೇಳಿ ಹುಡುಗರಿಗೆ ಹೇಳಿ. ಎಷ್ಟೋ ಜನಕ್ಕೆ ಈ ಅವಕಾಶ ಇರುವುದೇ ಗೊತ್ತಿರುವುದಿಲ್ಲ.

ಮೂವತ್ತು ಜನರಿಗೂ ಹೀಗೆ ಕೂರುವುದು ಆಗದ ಮಾತು. ಐದಾರು ಜನರಿಗೆ ಮಾಡಿ. ಉಳಿದವರನ್ನು ಜೋಡಿ ಮಾಡಿ, ಒಂದು ವಿಷಯ ಬರುವವನು ಬಾರದವನಿಗೆ ಹೇಳಿಕೊಡಲಿ. ಹಿಂದಿನ ವರ್ಷಗಳ ಪ್ರಶ್ನೆ ಪತ್ರಿಕೆ ಕೊಟ್ಟು, ಗಡಿಯಾರ ಇಟ್ಟು ಬರೆಯಲು ಹೇಳಿ. ಸ್ವಯಂ, ಎನ್‌ಪಿಟಿಇಎಲ್‌ನಂಥ ಆನ್‌ಲೈನ್ ತಾಣಗಳ ಉಚಿತ ಪಾಠಗಳು ಒಳ್ಳೆಯವೇ, ಆದರೆ ಸುಮ್ನೆ ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಯಾವ ಪಾಠದ ಯಾವ ಭಾಗ ನೋಡಬೇಕು ಅಂತ ಹೇಳಿ.

5. ರಿಸಲ್ಟ್ ಬಂದ ದಿನ

ಈಗ ರಿಸಲ್ಟ್ ಬರುವುದು ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ, ಹುಡುಗರ ಮೊಬೈಲಿಗೇ. ಅವತ್ತು ಯಾರು ಕಾಲೇಜಿಗೆ ಬಂದಿಲ್ಲ ನೋಡಿ. ಎಲ್ಲ ಪಾಸಾದವರು ಬಂದಿರುತ್ತಾರೆ.

ಸಬ್ಜೆಕ್ಟ್ ಹೋದವರಿಗೆ ಅವತ್ತು ಉಪದೇಶ ಬೇಡ, ದಿನಾಂಕ ಬೇಕು. ಉತ್ತರ ಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಲು ಕೊನೆಯ ದಿನ ಯಾವುದು, ಮರುಮೌಲ್ಯಮಾಪನಕ್ಕೆ ಯಾವುದು, ಶುಲ್ಕ ಎಷ್ಟು, ಮತ್ತೆ ಬರೆಯುವ ಅವಕಾಶ ಯಾವಾಗ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಿ. ಪಾಸಿಗೆ ಹತ್ತಿರ ಬಂದು ಹೋಗಿದ್ದರೆ ಫೋಟೋಕಾಪಿ ತರಿಸಿ ಆ ವಿಷಯದ ಮೇಷ್ಟ್ರಿಗೆ ತೋರಿಸಿ, ಆಮೇಲೆ ದುಡ್ಡು ಕಟ್ಟುವ ವಿಚಾರ. ಬಹಳ ಕಮ್ಮಿ ಬಂದಿದ್ದರೆ ಮರುಮೌಲ್ಯಮಾಪನಕ್ಕೆ ಸುಮ್ನೆ ದುಡ್ಡು ಹಾಕಬೇಡ ಅಂತ ನೇರವಾಗಿ ಹೇಳಿ.

ಸ್ಕೀಮ್, ಅಂದರೆ ಯಾವ ವರ್ಷದ ಪಠ್ಯಕ್ರಮ ಅನ್ನುವ ವಿಷಯವೂ ಒಂದಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಹಳೇ ಸ್ಕೀಮಿನಲ್ಲಿ ಬಾಕಿ ಉಳಿಸಿಕೊಂಡ ಹುಡುಗರಿಗೆ ತಾವು ಯಾವ ಸಿಲಬಸ್ ಓದಬೇಕು ಅನ್ನುವುದೇ ಗೊಂದಲ. ಸೀನಿಯರ್ ಹೇಳಿದ್ದನ್ನು ನಂಬಿ ಬೇರೆ ಪುಸ್ತಕ ಓದಿ ಹೋದವರಿದ್ದಾರೆ. ಅವರ ಸ್ಕೀಮಿನ ಸಿಲಬಸ್ ಪ್ರಿಂಟ್ ತೆಗೆದು ಕೈಗೆ ಕೊಡಿ.

6. ದುಡ್ಡಿನ ವಿಷಯ

ಓದು ಬಿಡುವ ಯೋಚನೆ ಎಷ್ಟೋ ಸಲ ಶುಲ್ಕ ಕಟ್ಟುವ ವಾರದಲ್ಲೇ ಹುಟ್ಟುತ್ತದೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಹೋದ ವರ್ಷ ಬಂತು, ಈ ವರ್ಷವೂ ತಾನೇ ಬರುತ್ತೆ ಅಂದುಕೊಂಡು ಕೂತವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಕೈಯಲ್ಲಿರಲಿ. ಇಲ್ಲದಿದ್ದರೆ ಮೊದಲು ನಾಡಕಚೇರಿಗೆ ಕಳಿಸಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಹುಡುಗರಿಗೆ ಊಟ ವಸತಿಗೆ ನೆರವಾಗುವ ವಿದ್ಯಾಸಿರಿ ಇದೆ. ರೈತರ ಮಕ್ಕಳಿಗೆ ವಿದ್ಯಾನಿಧಿ 2021ರಲ್ಲಿ ಶುರುವಾಯಿತು.

ಅರ್ಜಿ ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ ಅಂದರೆ ಮೊದಲು ಆಧಾರ್ ಜೋಡಣೆ ನೋಡಿ. ಆಧಾರ್ ಯಾವ ಬ್ಯಾಂಕ್ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ. ಹುಡುಗ ಹಳೇ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಕಾಯುತ್ತಿರುತ್ತಾನೆ, ದುಡ್ಡು ಎಂದೋ ತೆರೆದು ಮರೆತ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ.

ನೀವೇ ಸಾಲ ಕೊಡಬೇಡಿ. ಕೊಟ್ಟವರ ಮುಖ ನೋಡಲು ಹುಡುಗರಿಗೆ ನಾಚಿಕೆಯಾಗಿ ಹತ್ತಿರ ಬರುವುದನ್ನೇ ಬಿಡುತ್ತಾರೆ. ಪರೀಕ್ಷಾ ಶುಲ್ಕ ಕಟ್ಟಲು ಆಗದವರಿದ್ದರೆ ಪ್ರಿನ್ಸಿಪಾಲರಿಗೆ ಹೇಳಿ. ಹಳೆಯ ವಿದ್ಯಾರ್ಥಿಗಳ ಸಂಘ ಇದ್ದರೆ ಅಲ್ಲೊಂದು ದಾರಿ ಸಿಗಬಹುದು.

7. ಮನಸ್ಸು ಕುಸಿದಾಗ

ನೀವು ಡಾಕ್ಟರ್ ಅಲ್ಲ, ಆಗಬೇಕಾಗಿಯೂ ಇಲ್ಲ. ಗುರುತಿಸುವುದು, ಕೇಳಿಸಿಕೊಳ್ಳುವುದು, ಸರಿಯಾದ ಜಾಗಕ್ಕೆ ತಲುಪಿಸುವುದು, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಮೊದಲಿನಂತಿಲ್ಲ ಅನ್ನುವುದೇ ಗುರುತು. ಗಲಾಟೆ ಮಾಡುತ್ತಿದ್ದವನು ಮೂಲೆ ಸೇರಿದ. ಅಚ್ಚುಕಟ್ಟಾಗಿ ಬರುತ್ತಿದ್ದವಳು ತಲೆ ಬಾಚದೆ ಬಂದಳು. ಇಷ್ಟಪಟ್ಟು ಇಟ್ಟುಕೊಂಡಿದ್ದ ವಸ್ತುಗಳನ್ನು ಗೆಳೆಯರಿಗೆ ಹಂಚಿದ. 'ಇನ್ಮೇಲೆ ನನ್ನಿಂದ ಯಾರಿಗೂ ತೊಂದರೆ ಇರಲ್ಲ ಬಿಡಿ ಸಾರ್' ಅಂದ. ಈ ಕೊನೆಯದನ್ನು ಕೇಳಿದ ಮೇಲೆ ಬೆಲ್ ಹೊಡೆಯಿತು ಅಂತ ಕ್ಲಾಸಿಗೆ ಹೋಗಬೇಡಿ.

ಕೂರಿಸಿಕೊಳ್ಳಿ. 'ನಮ್ಮ ಕಾಲದಲ್ಲಿ' ಅಂತ ಶುರು ಮಾಡಬೇಡಿ. 'ಅಪ್ಪ ಅಮ್ಮನ ಮುಖ ನೋಡು' ಅನ್ನುವುದೂ ಬೇಡ. ತಾನು ಅವರಿಗೆ ಭಾರ ಅಂತಲೇ ಅವನು ಕುಸಿದಿರಬಹುದು. ಸುಮ್ಮನೆ ಕೇಳಿ. ಅನುಮಾನ ಬಂದರೆ ನೇರವಾಗಿ ಕೇಳಿ: 'ಸಾಯಬೇಕು ಅಂತ ಅನ್ನಿಸಿದೆಯಾ?' ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅಂತ ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಅಂತ ಉಸಿರು ಬಿಡುವವರೇ ಜಾಸ್ತಿ.

'ಹೌದು' ಅಂದರೆ ಒಬ್ಬನನ್ನೇ ಬಿಡಬೇಡಿ. ಇನ್ನೊಬ್ಬ ಸಹೋದ್ಯೋಗಿಯನ್ನು ಕರೆಸಿಕೊಳ್ಳಿ. ಅಲ್ಲೇ ಕೂತು ಟೆಲಿ ಮನಸ್‌ಗೆ ಫೋನ್ ಮಾಡಿಸಿ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಏನಾದರೂ ಮಾಡಿಕೊಂಡಿದ್ದರೆ ಅಥವಾ ಈಗಲೇ ಮಾಡಿಕೊಳ್ಳುವಂತಿದ್ದರೆ 108 ಅಥವಾ 112. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ತಡ ಮಾಡಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಹೀಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು.

ಮನೆಯಲ್ಲಿ ಅವನು ನಂಬುವ ಒಬ್ಬರಿಗೆ ತಿಳಿಸಿ. ಅವತ್ತು ಬರೆದುಕೊಂಡ ಚಿಕ್ಕಮ್ಮನ ನಂಬರು ಕೆಲಸಕ್ಕೆ ಬರುವುದು ಇಲ್ಲಿ. ಹಳ್ಳಿ ಮನೆಯಾದರೆ ಕೀಟನಾಶಕವನ್ನು ಬೀಗ ಹಾಕಿ ಇಡಲು ಹೇಳಿ, ಮಾತ್ರೆಗಳನ್ನೂ. ಅವನು ಮತ್ತೆ ಕಾಲೇಜಿಗೆ ಬಂದಾಗ ಏನೂ ಆಗದವರಂತೆ ಇರಬೇಡಿ, ದೊಡ್ಡ ಸ್ವಾಗತವೂ ಬೇಡ. 'ಬಂದ್ಯಾ, ಒಳ್ಳೇದಾಯ್ತು, ನೋಟ್ಸ್ ಯಾರ ಹತ್ರ ಇಸ್ಕೊಂತೀಯ' ಅಂದರೆ ಸಾಕು.

ರ‍್ಯಾಗಿಂಗ್ ಇದ್ದರೆ ಸಮಿತಿಯ ಜೊತೆಗೆ ಯುಜಿಸಿ ಸಹಾಯವಾಣಿಯೂ ಇದೆ: 1800-180-5522.

8. ಗುಟ್ಟು, ಫೈಲು, ಫೋನು

'ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮೇಡಂ' ಅಂದಾಗ ಪ್ರಾಮಿಸ್ ಮಾಡಬೇಡಿ. 'ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಹೇಳ್ಬೇಕಾಗುತ್ತೆ, ಇಲ್ಲದಿದ್ರೆ ನನ್ನ ಹತ್ರವೇ ಇರುತ್ತೆ' ಅಂತ ಮೊದಲೇ ಹೇಳಿಬಿಡಿ. ಮೊದಲ ವರ್ಷದ ಕೆಲವರಿಗೆ ಇನ್ನೂ 17. ಅವರ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ತಿಳಿದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅಲ್ಲಿ ನಿಮಗೆ ಆಯ್ಕೆ ಇಲ್ಲ.

ಕಾಲೇಜಿನ ಮೆಂಟರ್ ಫೈಲನ್ನು ಯಾರು ಬೇಕಾದರೂ ತಿರುವಿ ಹಾಕುತ್ತಾರೆ. ಅದರಲ್ಲಿ ದಿನಾಂಕ, 'ಹಾಜರಿ ಬಗ್ಗೆ ಮಾತಾಡಲಾಯಿತು', 'ವಿದ್ಯಾರ್ಥಿವೇತನದ ಮಾಹಿತಿ ಕೊಡಲಾಯಿತು', ಇಷ್ಟು ಸಾಕು. ಮನೆ ಜಗಳ, ಪ್ರೀತಿ, ಕಾಯಿಲೆ, ಯಾವುದೂ ಆ ಫೈಲಿಗೆ ಹೋಗಬಾರದು. ಸ್ಟಾಫ್ ರೂಮಿನ ಟೀ ಹೊತ್ತಿಗೂ ಹೋಗಬಾರದು. ಒಂದು ಸಲ ಮಾತು ಸೋರಿತು ಅಂದರೆ ಆ ಬ್ಯಾಚಿನಲ್ಲಿ ಇನ್ಯಾರೂ ನಿಮ್ಮ ಹತ್ತಿರ ಬರುವುದಿಲ್ಲ.

ಫೋನಿಗೂ ಒಂದು ಹೊತ್ತು ಇಡಿ. ವಾಟ್ಸಾಪ್ ಮೆಸೇಜಿಗೆ ರಾತ್ರಿ ಎಂಟರ ಮೇಲೆ ಉತ್ತರ ಇಲ್ಲ, ತುರ್ತಿದ್ದರೆ ಕರೆ ಮಾಡಿ ಅಂತ ಗುಂಪಿಗೇ ಹೇಳಿ. ನಿಮಗೂ ಮನೆ ಮಕ್ಕಳು ಇದ್ದಾರೆ. ಗಂಟೆ ಲೆಕ್ಕದಲ್ಲಿ ದುಡಿಯುವ ಅತಿಥಿ ಉಪನ್ಯಾಸಕರಿಗಂತೂ ಈ ಕೆಲಸಕ್ಕೆ ಬಿಡಿಗಾಸೂ ಹೆಚ್ಚಿಗೆ ಸಿಗುವುದಿಲ್ಲ. ಇದು ಅನ್ಯಾಯವೇ. ಅದಕ್ಕೇ ಮೂವತ್ತರಲ್ಲಿ ಯಾರಿಗೆ ನಿಜವಾಗಿ ಬೇಕೋ ಆ ಐದಾರು ಜನರನ್ನು ಬೇಗ ಗುರುತಿಸಿಕೊಳ್ಳಿ ಅಂದದ್ದು.

9. ವರ್ಷದ ಕೊನೆಗೆ

ಮುಂದಿನ ವರ್ಷ ಪಟ್ಟಿ ಇನ್ನೊಬ್ಬರ ಕೈಗೆ ಹೋಗಬಹುದು, ನೀವೇ ಬೇರೆ ಕಾಲೇಜಿಗೆ ಹೋಗಬಹುದು. ಆ ಐದಾರು ಹುಡುಗರನ್ನು ಕರೆದು, ಮುಂದಿನವರಿಗೆ ಏನು ಹೇಳಲಿ, ಏನು ಬೇಡ ಅಂತ ಕೇಳಿ. ಒಪ್ಪಿದ್ದನ್ನು ಮಾತ್ರ ಹೊಸ ಮೆಂಟರ್‌ಗೆ ಬಾಯಲ್ಲಿ ಹೇಳಿ, ಸಾಧ್ಯವಾದರೆ ಹುಡುಗರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಉಳಿದ ಪುಟಗಳನ್ನು ನೋಟ್‌ಬುಕ್ಕಿನಿಂದ ಹರಿದು ಹಾಕಿ.